ಎಂಟು ದಿನದಲ್ಲಿ ಜಪಾನಿನ ವಸಂತ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿ ಕಳೆಯುತ್ತಿದ್ದಂತೆ ನೆಂಟರಿಂದ, ಸ್ನೇಹಿತರಿಂದ, ಅವರ ಸ್ನೇಹಿತರಿಂದ ನನಗೆ ಕರೆಗಳು ಶುರುವಾಗುತ್ತವೆ. ‘ಸಕುರಾ ನೋಡಲು ಹೋಗಬೇಕು, ಏನು ಮಾಡಬೇಕು ಹೇಳಿ’ ಎಂಬುದೇ ಎಲ್ಲರ ಕೇಳಿಕೆ. ಸಕುರಾ ಎಂದರೆ ಅಲ್ಲಿನ ಚೆರ್ರಿ ಹೂವು. ವಸಂತದಲ್ಲಿ ಎರಡು ಸಲ ಜಪಾನಿಗೆ ಹೋಗಿಬಂದಿದ್ದೇನೆ. ಮೊದಲ ಸಲ ಗೆಳೆಯರ ಜೊತೆ ಏಳು ದಿನದಲ್ಲಿ ಐದು ಊರು ಸುತ್ತಿದೆ. ಎರಡನೆಯ ಸಲ ಎಪ್ಪತ್ತು ದಾಟಿದ ಅಮ್ಮನ ಜೊತೆ ಎಂಟು ದಿನದಲ್ಲಿ ಎರಡೇ ಊರು ನೋಡಿದೆ. ಈ ಪುಟದಲ್ಲಿರುವ ಸಲಹೆಗಳು ಹೆಚ್ಚಾಗಿ ಎರಡನೆಯ ಪ್ರವಾಸ ಕಲಿಸಿದವು.

ಹೂವು ನೋಡಲು ಸರಿಯಾಗಿ ಯಾವ ದಿನ ಹೋಗಬೇಕು?

ತಿಂಗಳುಗಟ್ಟಲೆ ಮುಂಚೆ ದಿನ ಗೊತ್ತುಮಾಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಟೋಕಿಯೊದಲ್ಲಿ 2023ರಲ್ಲಿ ಮಾರ್ಚ್ 14ಕ್ಕೇ ಮೊದಲ ಹೂವು ಅರಳಿದೆ ಎಂದು ಘೋಷಿಸಿದರು. ಮರುವರ್ಷ ಅದೇ ಘೋಷಣೆಗೆ ಮಾರ್ಚ್ 29ರವರೆಗೆ ಕಾಯಬೇಕಾಯಿತು. 2025ರಲ್ಲಿ ಮಾರ್ಚ್ 24. ಒಂದೇ ಊರು, ಒಂದೇ ಜಾತಿಯ ಮರ, ಆದರೂ ಹದಿನೈದು ದಿನಗಳ ವ್ಯತ್ಯಾಸ. ಟೋಕಿಯೊದಲ್ಲಿ ಈ ಘೋಷಣೆಗೆಂದೇ ಗೊತ್ತುಮಾಡಿದ ಮರ ಯಾಸುಕುನಿ ದೇಗುಲದ ಆವರಣದಲ್ಲಿದೆ. ಹವಾಮಾನ ಸಂಸ್ಥೆಯ ಸಿಬ್ಬಂದಿ ಬಂದು ಆ ಮರವನ್ನು ನೋಡುತ್ತಾರೆ. ಐದಾರು ಹೂವು ಅರಳಿದ್ದರೆ ‘ಕೈಕಾ’, ಅಂದರೆ ಹೂಬಿಡುವಿಕೆ ಆರಂಭವಾಯಿತು ಎಂದು ಪ್ರಕಟಿಸುತ್ತಾರೆ. ಶೇ 80ರಷ್ಟು ಮೊಗ್ಗು ಅರಳಿದರೆ ‘ಮಾಂಕೈ’, ತುಂಬು ಹೂವು. ಇವೆರಡರ ನಡುವೆ ಸಾಮಾನ್ಯವಾಗಿ ಒಂದು ವಾರ. ತುಂಬಿದ ಮೇಲೆ ಇನ್ನೊಂದು ವಾರ ಉಳಿಯುತ್ತದೆ, ಜೋರು ಮಳೆ ಗಾಳಿ ಬಂದರೆ ಅಷ್ಟೂ ಇಲ್ಲ.

ಫೆಬ್ರುವರಿ 1ರಿಂದ ದಿನದಿನದ ಗರಿಷ್ಠ ಉಷ್ಣಾಂಶವನ್ನು ಕೂಡಿಸುತ್ತಾ ಹೋಗಿ, ಮೊತ್ತ 600 ಡಿಗ್ರಿ ಮುಟ್ಟಿದ ಹೊತ್ತಿಗೆ ಟೋಕಿಯೊದ ಹೂವು ಅರಳುತ್ತದೆ ಎಂಬ ಲೆಕ್ಕ ಅಲ್ಲಿನವರಿಗೆಲ್ಲ ಗೊತ್ತು. ನಮ್ಮಲ್ಲಿ ಮಳೆ ನಕ್ಷತ್ರಗಳ ಲೆಕ್ಕ ಹಿಡಿದು ಬಿತ್ತನೆಗೆ ಅಣಿಯಾಗುವ ರೈತರಂತೆ ಅವರೂ ಅದನ್ನು ನಂಬಿಕೆಯಿಂದ ಎಣಿಸುತ್ತಾರೆ. ಖಾಸಗಿ ಹವಾಮಾನ ಕಂಪನಿಗಳು ಜನವರಿಯಿಂದಲೇ ಮುನ್ಸೂಚನೆ ಕೊಡುತ್ತಾ, ಕೆಲವು ದಿನಗಳಿಗೊಮ್ಮೆ ತಿದ್ದುತ್ತಾ ಹೋಗುತ್ತವೆ.

ಟೋಕಿಯೊ, ಕ್ಯೋಟೊ ಎರಡನ್ನೂ ನೋಡುವವರಿಗೆ ನಾನು ಹೇಳುವುದು ಮಾರ್ಚ್ 28ರಿಂದ ಏಪ್ರಿಲ್ 6ರ ನಡುವಿನ ದಿನಗಳನ್ನು. ಹೂವು ಬೇಗ ಬಂದರೆ ಉದುರುವುದನ್ನು ನೋಡುತ್ತೀರಿ, ತಡವಾದರೆ ಅರಳುವುದನ್ನು ನೋಡುತ್ತೀರಿ. ಮುನ್ಸೂಚನೆ ಬದಲಾದಾಗಲೆಲ್ಲ ಟಿಕೆಟ್ ಬದಲಿಸುವ ಹಟ ಬೇಡ.

ಊರಿಡೀ ಒಂದೇ ಸಲ ಅರಳಿ ಒಂದೇ ಸಲ ಉದುರುವುದು ಏಕೆ?

ನಗರಗಳಲ್ಲಿ ಹೆಚ್ಚಾಗಿ ಕಾಣುವ ತಳಿ ‘ಸೊಮೆಯ್ ಯೋಶಿನೊ’. ಅದನ್ನು ಬೀಜದಿಂದ ಬೆಳೆಸುವುದಿಲ್ಲ, ಮಲಗೋವಾ ಬಾದಾಮಿ ಮಾವಿನ ಸಸಿಗಳಂತೆ ಕಸಿ ಕಟ್ಟಿಯೇ ಬೆಳೆಸುತ್ತಾರೆ. ಹಾಗಾಗಿ ಲಕ್ಷಾಂತರ ಮರಗಳು ಗುಣದಲ್ಲಿ ಒಂದೇ ಮರ. ಒಂದೇ ಹವೆಯಲ್ಲಿ ಎಲ್ಲಕ್ಕೂ ಒಟ್ಟಿಗೆ ಎಚ್ಚರವಾಗುತ್ತದೆ. ಎಲೆ ಚಿಗುರುವ ಮೊದಲೇ ಹೂವು ಬರುವುದರಿಂದ ಕೊಂಬೆ ತುಂಬ ಬಿಳಿಗುಲಾಬಿ ಬಣ್ಣವೊಂದೇ ಕಾಣುತ್ತದೆ.

ನಾವು ಹೋದಾಗ ಹೂವು ಇನ್ನೂ ಅರಳಿರದಿದ್ದರೆ, ಅಥವಾ ಆಗಲೇ ಉದುರಿದ್ದರೆ?

ಎಲ್ಲರ ಮನಸ್ಸಿನಲ್ಲಿರುವ ಅಳುಕು ಇದೇ. ಆದರೆ ಸಕುರಾ ಎಂದರೆ ಸೊಮೆಯ್ ಯೋಶಿನೊ ಒಂದೇ ಅಲ್ಲ. ತಳಿ ಬದಲಾದರೆ ದಿನ ಬದಲಾಗುತ್ತದೆ. ಎತ್ತರ ಬದಲಾದರೂ ಅಷ್ಟೆ. ಈ ಎರಡನ್ನು ನೆನಪಿಟ್ಟುಕೊಂಡರೆ ಬರಿಗೈಯಲ್ಲಿ ಮರಳುವ ಸಂದರ್ಭ ಬಹಳ ಕಡಿಮೆ.

ಬೇಗ ಹೋದವರಿಗೆ ಟೋಕಿಯೊದ ಶಿಂಜುಕು ಗ್ಯೋಯೆನ್ ಉದ್ಯಾನ ಒಳ್ಳೆಯದು. ಅಲ್ಲಿ ಹತ್ತಾರು ತಳಿಗಳಿವೆ, ಒಂದು ಮುಗಿಯುವಾಗ ಇನ್ನೊಂದು ಶುರುವಾಗುತ್ತದೆ. ದೊಡ್ಡವರಿಗೆ ಪ್ರವೇಶ 500 ಯೆನ್. ಮದ್ಯ ಒಳಗೆ ಬಿಡುವುದಿಲ್ಲವಾದ್ದರಿಂದ ಮಕ್ಕಳ ಜೊತೆ ನೆಮ್ಮದಿಯಾಗಿ ಕೂರಬಹುದು. ಬಾಗಿ ಇಳಿಬೀಳುವ ಕೊಂಬೆಗಳ ‘ಶಿದಾರೆ’ ಮರಗಳು ಸೊಮೆಯ್ ಯೋಶಿನೊಗಿಂತ ಕೆಲವು ದಿನ ಮೊದಲೇ ಅರಳುವುದುಂಟು. ಕ್ಯೋಟೊದ ಮಾರುಯಾಮಾ ಉದ್ಯಾನದ ನಡುವಿನ ಶಿದಾರೆಯನ್ನು ರಾತ್ರಿ ದೀಪದ ಬೆಳಕಿನಲ್ಲಿ ನೋಡಿ. ಮಾರ್ಚ್ ಮೊದಲ ವಾರವೇ ಹೋಗಬೇಕಾದವರಿಗೆ ಇಝು ಪರ್ಯಾಯದ್ವೀಪದ ಕವಾಝು ಊರು ಇದೆ. ಅಲ್ಲಿನ ಕಡುಗುಲಾಬಿ ತಳಿ ಫೆಬ್ರುವರಿಯಲ್ಲೇ ಅರಳುತ್ತದೆ.

ತಡವಾಗಿ ಹೋದವರಿಗೆ ಕ್ಯೋಟೊದ ನಿನ್ನಾಜಿ ದೇವಾಲಯದ ‘ಒಮುರೊ’ ಸಕುರಾ. ಕುಳ್ಳ ಮರಗಳು, ಹೂವು ಕಣ್ಣಿನ ಮಟ್ಟದಲ್ಲೇ ಸಿಗುತ್ತದೆ, ಸಾಮಾನ್ಯವಾಗಿ ಏಪ್ರಿಲ್ ಮಧ್ಯದ ಹೊತ್ತಿಗೆ. ಒಸಾಕಾದ ಟಂಕಸಾಲೆಯ ಆವರಣವನ್ನು ಏಪ್ರಿಲ್ ನಡುವೆ ಸುಮಾರು ಒಂದು ವಾರ ಮಾತ್ರ ಜನರಿಗೆ ತೆರೆಯುತ್ತಾರೆ. ಅಲ್ಲಿರುವವು ಹೆಚ್ಚಾಗಿ ಸುತ್ತು ಸುತ್ತು ಎಸಳಿನ ‘ಯಾಎಝಾಕುರಾ’. ಗೊಂಚಲು ನೋಡಿದರೆ ನಮ್ಮ ಪನ್ನೀರು ಗುಲಾಬಿಯ ನೆನಪಾಗುತ್ತದೆ. ನಾರಾ ಪ್ರಾಂತ್ಯದ ಯೋಶಿನೊ ಬೆಟ್ಟದಲ್ಲಿ ಸುಮಾರು 30 ಸಾವಿರ ಮರಗಳಿವೆ, ಬಹುಪಾಲು ಕಾಡುತಳಿ. ಅವು ಬೆಟ್ಟದ ಬುಡದಿಂದ ತುದಿಯ ಕಡೆಗೆ ಹಂತಹಂತವಾಗಿ ಅರಳುತ್ತವೆ. ಕೆಳಗೆ ಮುಗಿದಿದ್ದರೆ ಮೇಲೆ ಹತ್ತಿದರಾಯಿತು. ಇನ್ನೂ ತಡವೆಂದರೆ ಉತ್ತರದ ಹಿರೊಸಾಕಿ ಕೋಟೆ ಏಪ್ರಿಲ್ ಕೊನೆಯ ಭಾಗದಲ್ಲಿ, ಹೊಕ್ಕಾಯ್ಡೊ ದ್ವೀಪ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ.

ಉದುರುವುದನ್ನು ಕಳೆದುಕೊಂಡ ದಿನವೆಂದು ಎಣಿಸಬೇಡಿ. ಗಾಳಿಗೆ ಎಸಳು ಹಾರುವುದಕ್ಕೆ ಅವರು ‘ಹನಾಫುಬುಕಿ’, ಹೂವಿನ ಹಿಮಗಾಳಿ ಎನ್ನುತ್ತಾರೆ. ನೀರಿನ ಮೇಲೆ ಒಟ್ಟುಗೂಡಿ ತೇಲುವ ಎಸಳಿಗೆ ‘ಹನಾಇಕಾದಾ’, ಹೂವಿನ ತೆಪ್ಪ. ಕ್ಯೋಟೊದಲ್ಲಿ ತತ್ತ್ವಜ್ಞಾನಿಯ ಹಾದಿ ಎಂಬ ಕಾಲುದಾರಿಯಿದೆ. ನಿಶಿದಾ ಕಿತಾರೊ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಯೋಚಿಸುತ್ತಾ ನಡೆಯುತ್ತಿದ್ದ, ಕಾಲುವೆಯ ಪಕ್ಕದ ಸುಮಾರು ಎರಡು ಕಿಲೋಮೀಟರ್ ದಾರಿ. ಬೆಳಿಗ್ಗೆ ಆರೂವರೆಗೆ ಅಮ್ಮನನ್ನು ಕರೆದುಕೊಂಡು ಹೋದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಒದ್ದೆ ಕಲ್ಲಿಗೆ ಎಸಳುಗಳು ಒಂದೊಂದಾಗಿ ಅಂಟಿಕೊಂಡಿದ್ದವು. ಕಾಲುವೆಯ ನೀರು ಕಾಣುತ್ತಿರಲಿಲ್ಲ, ಗುಲಾಬಿ ಬಣ್ಣವೇ ಮೆಲ್ಲಗೆ ಹರಿಯುತ್ತಿತ್ತು. ಅಮ್ಮ ರಂಗೋಲಿ ತುಳಿಯದಂತೆ ನಡೆಯುವ ಹಾಗೆ ಎಸಳಿಲ್ಲದ ಜಾಗ ಹುಡುಕಿ ಹುಡುಕಿ ಹೆಜ್ಜೆ ಇಟ್ಟರು. ಎರಡು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿಯಿತು. ಮೊದಲ ಪ್ರವಾಸದಲ್ಲಿ ಇದೇ ದಾರಿಯನ್ನು ನಾನು ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದ್ದೆ. ಅದರ ಯಾವ ನೆನಪೂ ನನಗಿಲ್ಲ.

ಎಂಟು ದಿನಕ್ಕೆ ಎಷ್ಟು ಊರು ಸೇರಿಸಬಹುದು?

ಎರಡು. ನಾಲ್ಕು ರಾತ್ರಿ ಟೋಕಿಯೊ, ಮೂರು ರಾತ್ರಿ ಕ್ಯೋಟೊ, ಕ್ಯೋಟೊದಿಂದ ಒಂದು ದಿನ ನಾರಾಕ್ಕೆ ಹೋಗಿಬರುವುದು. ಹಿರೋಶಿಮಾ, ಕನಜಾವಾ, ಹಕೋನೆ ಎಲ್ಲವೂ ಚೆಂದದ ಜಾಗಗಳೇ. ಆದರೆ ಊರು ಬದಲಿಸಿದ ಪ್ರತಿ ಸಲವೂ ಅರ್ಧ ದಿನ ಪೆಟ್ಟಿಗೆ ಕಟ್ಟುವುದರಲ್ಲಿ, ನಿಲ್ದಾಣದಲ್ಲಿ ದಾರಿ ಹುಡುಕುವುದರಲ್ಲಿ ಹೋಗುತ್ತದೆ. ಮತ್ತೆ, ಹೂವಿನ ಪ್ರವಾಸಕ್ಕೆ ಬಿಡುವಿನ ದಿನ ಬೇಕೇ ಬೇಕು. ಮಳೆ ಬಂದ ದಿನದ ಕಾರ್ಯಕ್ರಮವನ್ನು ಮರುದಿನಕ್ಕೆ ತಳ್ಳಲು ಜಾಗವಿರಬೇಕು. ದಿನಕ್ಕೊಂದು ಊರು ಎಂದು ಬಿಗಿಯಾಗಿ ಕಟ್ಟಿದರೆ ಆ ಸ್ವಾತಂತ್ರ್ಯ ಇರುವುದಿಲ್ಲ.

ಟೋಕಿಯೊದಲ್ಲಿ ಯುಯೆನೊ ಹತ್ತಿರ ಉಳಿದುಕೊಳ್ಳಿ. ನರಿತಾ ವಿಮಾನ ನಿಲ್ದಾಣದಿಂದ ಸ್ಕೈಲೈನರ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ, ಹೂವಿಗೆ ಹೆಸರಾದ ದೊಡ್ಡ ಉದ್ಯಾನ ಕಾಲ್ನಡಿಗೆಯಲ್ಲಿದೆ. ಅಲ್ಲಿನ ಶಿನೊಬಾಝು ಕೊಳದ ನಡುಗಡ್ಡೆಯಲ್ಲಿ ಬೆನ್ಝಾಯ್ತೆನ್ ದೇವಿಯ ಗುಡಿ ಇದೆ. ಆ ದೇವಿ ಬೇರೆ ಯಾರೂ ಅಲ್ಲ, ಬೌದ್ಧಧರ್ಮದ ಜೊತೆಗೆ ಜಪಾನಿಗೆ ಹೋದ ನಮ್ಮ ಸರಸ್ವತಿ. ಅಲ್ಲಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ಅವಳ ಕೈಯಲ್ಲಿರುವುದು ವೀಣೆಯ ಬದಲು ‘ಬಿವಾ’ ಎಂಬ ತಂತಿವಾದ್ಯ. ನಾರಾದ ತೋದಾಯ್‌ಜಿ ದೇವಾಲಯದ ಮಹಾಬುದ್ಧನ ಮುಂದೆ ನಿಂತಾಗಲೂ ಒಂದು ವಿಷಯ ನೆನಪಿರಲಿ. 752ರಲ್ಲಿ ಆ ವಿಗ್ರಹದ ಕಣ್ಣು ತೆರೆಸುವ ವಿಧಿಯನ್ನು ನಡೆಸಿಕೊಟ್ಟವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು.

ವೀಸಾ ಹೇಗೆ? ಎಷ್ಟು ಮೊದಲು ಹಾಕಬೇಕು?

ಭಾರತೀಯರಿಗೆ ವೀಸಾ ಕಡ್ಡಾಯ. 2024ರ ಏಪ್ರಿಲ್‌ನಿಂದ ಭಾರತದಲ್ಲಿರುವವರಿಗೆ ಪ್ರವಾಸಿ ಇ-ವೀಸಾ ಬಂದಿದೆ. ಅರ್ಜಿಯನ್ನು ವೀಸಾ ಅರ್ಜಿ ಕೇಂದ್ರದ ಮೂಲಕವೇ ಕೊಡಬೇಕು, ಬೆಂಗಳೂರಿನಲ್ಲೂ ಕೇಂದ್ರವಿದೆ. ಪಾಸ್‌ಪೋರ್ಟ್, ಭಾವಚಿತ್ರ, ಬ್ಯಾಂಕ್ ವಿವರ, ಆದಾಯ ತೆರಿಗೆ ದಾಖಲೆ, ವಿಮಾನ ಮತ್ತು ಹೋಟೆಲ್ ಕಾಯ್ದಿರಿಸಿದ ಪ್ರತಿ, ದಿನದಿನದ ಕಾರ್ಯಕ್ರಮದ ಪಟ್ಟಿ ಕೇಳುತ್ತಾರೆ. ಪಟ್ಟಿಯಲ್ಲಿ ಬರೆದ ಊರಿಗೂ ಹೋಟೆಲ್ ಇರುವ ಊರಿಗೂ ತಾಳೆಯಾಗಬೇಕು. ಒಮ್ಮೆ ಪ್ರವೇಶದ ಪ್ರವಾಸಿ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳವರೆಗೆ ಮಾತ್ರ ಊರ್ಜಿತ. ಹಾಗಾಗಿ ಮಾರ್ಚ್ ಕೊನೆಗೆ ಹೋಗುವವರು ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಅರ್ಜಿ ಹಾಕುವುದು ಸರಿ. ಅಲ್ಲಿಯವರೆಗೆ ಹಣ ಮರಳಿ ಸಿಗುವಂಥ ಹೋಟೆಲ್‌ಗಳನ್ನೇ ಕಾಯ್ದಿರಿಸಿ.

ಇ-ವೀಸಾ ಇರುವವರು ಒಂದು ವಿಷಯವನ್ನು ಗಟ್ಟಿಯಾಗಿ ನೆನಪಿಡಬೇಕು. ವಿಮಾನ ನಿಲ್ದಾಣದಲ್ಲಿ ವೀಸಾ ಪುಟವನ್ನು ಮೊಬೈಲ್‌ನಲ್ಲಿ ಇಂಟರ್‌ನೆಟ್ ಮೂಲಕ ತೆರೆದು ತೋರಿಸಬೇಕು. ಮುದ್ರಿಸಿದ ಕಾಗದ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ನಾಲ್ವರ ಕುಟುಂಬವಾದರೆ ನಾಲ್ವರ ಪುಟವೂ ತೆರೆಯುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ.

ಬೆಂಗಳೂರಿನಿಂದ ನೇರ ವಿಮಾನ ಇದೆಯೇ?

ನರಿತಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ರಾತ್ರಿಯ ಪ್ರಯಾಣ, ಹೋಗುವಾಗ ಸುಮಾರು ಎಂಟು ಗಂಟೆ. ಸಿಂಗಪುರ, ಬ್ಯಾಂಕಾಕ್, ಹಾಂಗ್‌ಕಾಂಗ್ ಮೂಲಕವೂ ಹೋಗಬಹುದು. ಹಾಗೆ ಹೋದರೆ ಟೋಕಿಯೊದಲ್ಲಿ ಇಳಿದು, ಮರಳುವಾಗ ಒಸಾಕಾದ ಕನ್ಸಾಯ್ ನಿಲ್ದಾಣದಿಂದ ಹತ್ತುವ ಟಿಕೆಟ್ ಸಿಗುತ್ತದೆ, ಕ್ಯೋಟೊದಿಂದ ಟೋಕಿಯೊಗೆ ಮರಳುವ ರೈಲಿನ ಖರ್ಚೂ ಸಮಯವೂ ಉಳಿಯುತ್ತವೆ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ.

ಜಪಾನ್ ರೈಲ್ ಪಾಸ್ ಕೊಳ್ಳಬೇಕೇ?

ಈ ಪ್ರವಾಸಕ್ಕೆ ಬೇಡ. 2023ರ ಅಕ್ಟೋಬರ್‌ನಲ್ಲಿ ಏಳು ದಿನ ರೈಲುಗಳಲ್ಲಿ ಬೇಕಾದಷ್ಟು ಓಡಾಡಲು ಬಿಡುವ ಪಾಸಿನ ದರ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನ ಒಂದು ಕಡೆಯ ಟಿಕೆಟ್ ಸುಮಾರು 14,000 ಯೆನ್, ಹೋಗಿಬಂದರೂ 28,000. ಹಳೆಯ ಮಾರ್ಗದರ್ಶಿಗಳಲ್ಲಿ ‘ಪಾಸ್ ಕೊಳ್ಳದೆ ಹೋಗಬೇಡಿ’ ಎಂದು ಬರೆದಿರುವುದು ಏರಿಕೆಗೆ ಮೊದಲಿನ ಮಾತು.

ನೊಝೋಮಿ ಎಂಬ ಬುಲೆಟ್ ರೈಲು ಎರಡೂಕಾಲು ಗಂಟೆಯಲ್ಲಿ ಕ್ಯೋಟೊ ತಲುಪಿಸುತ್ತದೆ. ಆಸನ ಕಾಯ್ದಿರಿಸುವಾಗ ಸಾಮಾನ್ಯ ದರ್ಜೆಯ ‘ಇ’ ಸಾಲಿನ ಕಿಟಕಿ ಕೇಳಿ. ಮೋಡವಿಲ್ಲದಿದ್ದರೆ ಟೋಕಿಯೊ ಬಿಟ್ಟು ಮುಕ್ಕಾಲು ಗಂಟೆಯ ಹೊತ್ತಿಗೆ ಬಲಗಡೆ ಫ್ಯೂಜಿ ಪರ್ವತ ಪೂರ್ತಿಯಾಗಿ ಕಾಣುತ್ತದೆ. ಊರೊಳಗಿನ ರೈಲು ಬಸ್ಸುಗಳಿಗೆ ಮೊದಲೇ ಹಣ ತುಂಬಿಸಿಟ್ಟುಕೊಳ್ಳುವ ಸುಯಿಕಾ ಅಥವಾ ಇಕೋಕಾ ಕಾರ್ಡ್ ಸಾಕು, ಅಂಗಡಿಗಳಲ್ಲೂ ನಡೆಯುತ್ತದೆ.

ದೊಡ್ಡ ಸೂಟ್‌ಕೇಸ್ ರೈಲಿನಲ್ಲಿ ಒಯ್ಯಬಹುದೇ?

ಉದ್ದ, ಅಗಲ, ಎತ್ತರ ಮೂರೂ ಕೂಡಿದರೆ 160 ಸೆಂಟಿಮೀಟರ್ ಮೀರುವ ಪೆಟ್ಟಿಗೆಗೆ, ಕ್ಯೋಟೊ ಕಡೆಯ ಬುಲೆಟ್ ರೈಲಿನಲ್ಲಿ ಅದಕ್ಕೆಂದೇ ಇರುವ ಆಸನವನ್ನು ಮೊದಲೇ ಕಾಯ್ದಿರಿಸಬೇಕು. ಅದಕ್ಕೆ ಹೆಚ್ಚು ಹಣವಿಲ್ಲ. ಕಾಯ್ದಿರಿಸದೆ ಹತ್ತಿದರೆ ಸಾವಿರ ಯೆನ್ ಕೊಡಬೇಕಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ‘ತಕ್ಕ್ಯೂಬಿನ್’. ಬೆಳಿಗ್ಗೆ ಟೋಕಿಯೊ ಹೋಟೆಲ್‌ನ ಸ್ವಾಗತದ ಮೇಜಿನಲ್ಲಿ ಪೆಟ್ಟಿಗೆ ಒಪ್ಪಿಸಿದರೆ ಸಾಮಾನ್ಯವಾಗಿ ಮರುದಿನ ಕ್ಯೋಟೊ ಹೋಟೆಲ್‌ನಲ್ಲಿರುತ್ತದೆ. ಪೆಟ್ಟಿಗೆಗೆ ಎರಡು ಮೂರು ಸಾವಿರ ಯೆನ್. ಒಂದು ರಾತ್ರಿಯ ಬಟ್ಟೆ, ಔಷಧಿ, ಪಾಸ್‌ಪೋರ್ಟ್ ಮಾತ್ರ ಕೈಚೀಲದಲ್ಲಿಟ್ಟುಕೊಳ್ಳಿ. ವಯಸ್ಸಾದವರ ಜೊತೆ ಹೋಗುವವರು ಈ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಹುಡುಕಬೇಕು. ಕಣ್ಣಿಗೆ ಕಾಣುವ ಮೀನು ಮಾಂಸವನ್ನು ಬಿಡುವುದು ಸುಲಭ. ಕಷ್ಟ ಇರುವುದು ‘ದಾಶಿ’ಯಲ್ಲಿ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಅವರ ಅಡುಗೆಗೆ ದಾಶಿ ಹಾಗೆ. ಒಣಗಿಸಿ ಹೊಗೆಹಾಕಿದ ಬೊನಿಟೊ ಮೀನಿನ ಚಕ್ಕೆಯಿಂದಲೋ, ‘ಕೊಂಬು’ ಎಂಬ ಕಡಲಪಾಚಿಯಿಂದಲೋ, ಎರಡನ್ನೂ ಸೇರಿಸಿಯೋ ತೆಗೆದ ತಿಳಿ. ಮಿಸೊ ಸಾರು, ಉಡೊನ್, ಸೊಬಾ ಎಂಬ ಶಾವಿಗೆಗಳನ್ನು ಅದ್ದಿಕೊಳ್ಳುವ ರಸ, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದು ಇರಬಹುದು. ‘ಮಾಂಸವಿಲ್ಲ’ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಮೀನಿನ ತಿಳಿಯನ್ನು ಅವರು ಆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಷ್ಟೆ. ‘ನಿಕು ಮೊ ಸಕಾನಾ ಮೊ ತಾಬೆಮಾಸೆನ್’, ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ, ಎಂಬ ಮಾತು ಕಲಿತುಕೊಳ್ಳಿ. ಅದರ ಜೊತೆಗೆ ‘ಮೀನಿನ ದಾಶಿಯೂ ಬೇಡ’ ಎಂಬುದನ್ನು ಜಪಾನಿ ಲಿಪಿಯಲ್ಲೇ ಮೊಬೈಲ್‌ನಲ್ಲಿ ಬರೆಸಿಟ್ಟುಕೊಂಡು ತೋರಿಸಿ.

ಕ್ಯೋಟೊದಲ್ಲಿ ಒಮ್ಮೆಯಾದರೂ ‘ಶೋಜಿನ್ ರ್ಯೋರಿ’ ಉಣ್ಣಿ. ಬೌದ್ಧ ಮಠಗಳ ಅಡುಗೆ. ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ತಿಳಿ ಕಡಲಪಾಚಿಯದು. ಅರಾಶಿಯಾಮಾದ ತೆನ್ರ್ಯೂಜಿ ದೇವಾಲಯದ ಆವರಣದಲ್ಲೇ ಶಿಗೆತ್ಸು ಎಂಬ ಊಟದ ಮನೆಯಿದೆ. ಕೆಂಪು ಬಟ್ಟಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಡಿಸಿಟ್ಟ ಎಳ್ಳಿನ ತೋಫು, ಬೇಯಿಸಿದ ಮೂಲಂಗಿ, ಉಪ್ಪಿನಕಾಯಿ, ಅನ್ನ. ಮಡಿಯಲ್ಲಿ ಬೆಳೆದ ಅಮ್ಮ ಎಂಟು ದಿನದಲ್ಲಿ ಅನುಮಾನವಿಲ್ಲದೆ ಹೊಟ್ಟೆ ತುಂಬ ಉಂಡದ್ದು ಅಲ್ಲಿ. ‘ನಮ್ಮ ಮಠದ ಊಟದ ಹಾಗೆಯೇ, ಖಾರ ಒಂದಿಲ್ಲ’ ಎಂದರು.

ಟೋಕಿಯೊದಲ್ಲಿ ದಕ್ಷಿಣ ಭಾರತದ ಹೋಟೆಲ್‌ಗಳೇ ಹಲವಿವೆ. ಭಾರತದ ಸಾಫ್ಟ್‌ವೇರ್ ಕುಟುಂಬಗಳು ನೆಲೆಸಿರುವ ಎದೊಗಾವಾ ವಾರ್ಡಿನ ನಿಶಿ-ಕಸಾಯ್ ಪ್ರದೇಶದಲ್ಲಿ ಭಾರತೀಯ ದಿನಸಿಯೂ ಸಿಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಒಂದು ದೋಸೆ ತಿಂದರೆ ಹಿರಿಯರ ಮುಖ ಬೇರೆಯೇ ಆಗುತ್ತದೆ.

ಹಸಿವಾದಾಗ ಕೈಗೆ ಸಿಗುವುದು ಊರಿನ ಮೂಲೆಮೂಲೆಯಲ್ಲಿರುವ ‘ಕೊನ್ಬಿನಿ’ ಅಂಗಡಿಗಳ ಓನಿಗಿರಿ, ತ್ರಿಕೋನ ಆಕಾರದ ಅನ್ನದ ಉಂಡೆ. ಒಳಗೆ ಉಪ್ಪು ಹಾಕಿದ ‘ಉಮೆ’ ಕಾಯಿ ಇರುವುದು ನಮ್ಮ ನಾಲಿಗೆಗೆ ಹತ್ತಿರ, ಕಡು ಹುಳಿ ಉಪ್ಪು, ಮಾವಿನ ಉಪ್ಪಿನಕಾಯಿ ಅನ್ನದ ಸೋದರ ಸಂಬಂಧಿ. ಕೆಲವದರಲ್ಲಿ ಮೀನಿನ ಸತ್ವ ಸೇರಿಸಿರುತ್ತಾರೆ, ಮೊಬೈಲ್ ಕ್ಯಾಮೆರಾದ ಅನುವಾದದಿಂದ ಹಿಂಬದಿಯ ಪಟ್ಟಿ ಓದಿ. ಹೊದಿಕೆಯ ಮೇಲೆ 1, 2, 3 ಎಂದು ಬರೆದಿರುತ್ತದೆ. 1ರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಸುತ್ತಲೂ ಹರಿಯಬೇಕು, ಆಮೇಲೆ 2 ಮತ್ತು 3ರ ಮೂಲೆಗಳನ್ನು ಹಿಡಿದು ಪಕ್ಕಕ್ಕೆ ಎಳೆಯಬೇಕು. ಅನ್ನಕ್ಕೂ ಕಡಲಪಾಚಿಯ ಹಾಳೆಗೂ ನಡುವೆ ಇದ್ದ ತೆಳು ಪ್ಲಾಸ್ಟಿಕ್ ಜಾರಿ ಹೊರಬರುತ್ತದೆ. ಹಾಳೆ ಹಪ್ಪಳದಂತೆ ಗರಿಗರಿಯಾಗಿಯೇ ಅನ್ನಕ್ಕೆ ಅಂಟಿಕೊಳ್ಳುತ್ತದೆ. ಕ್ರಮ ತಪ್ಪಿಸಿದರೆ ಹಾಳೆ ಹರಿದು ಹೊದಿಕೆಯಲ್ಲೇ ಉಳಿಯುತ್ತದೆ.

ಸಿಹಿಯಲ್ಲಿ ಅಷ್ಟು ಯೋಚನೆ ಬೇಡ. ವಸಂತದ ಸಕುರಾ ಮೊಚಿ ಎಂದರೆ ಅಕ್ಕಿಯ ಹೊದಿಕೆ, ಒಳಗೆ ಕೆಂಪು ಕಾಳಿನ ಹೂರಣ, ಹೊರಗೆ ಉಪ್ಪು ಹಾಕಿದ ಚೆರ್ರಿ ಎಲೆ. ನಮ್ಮ ಸಿಹಿಕಡುಬಿಗೆ ಎಲೆ ಸುತ್ತಿದಂತೆ.

ಮನೆಯಿಂದ ತಿಂಡಿ ಒಯ್ಯಬಹುದೇ?

ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಒಯ್ಯಿರಿ. ಹಣ್ಣು, ತರಕಾರಿ, ಹಸಿ ಕರಿಬೇವು, ಅಕ್ಕಿ, ಬೇಳೆ ಬೇಡ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅವುಗಳನ್ನು ಬಿಡುವುದಿಲ್ಲ, ಕೆಲವು ಹಣ್ಣುಗಳಿಗಂತೂ ಪೂರ್ತಿ ನಿಷೇಧ. ಮಾಂಸದ ಪದಾರ್ಥ ಯಾವುದೂ ಬೇಡ. ಮನೆಯ ವಿದ್ಯುತ್ ಕುಕ್ಕರ್, ಕೆಟಲ್ ಕೂಡ ಬಿಟ್ಟುಹೋಗಿ. ಅಲ್ಲಿನ ವಿದ್ಯುತ್ 100 ವೋಲ್ಟ್, ನಮ್ಮ 230 ವೋಲ್ಟ್‌ನ ಕುಕ್ಕರ್‌ನಲ್ಲಿ ಅನ್ನ ಬೇಯುವುದಿಲ್ಲ. ಹೋಟೆಲ್ ಕೋಣೆಗಳಲ್ಲಿ ಕೆಟಲ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊಬೈಲ್ ಚಾರ್ಜರ್‌ಗೆ ಚಪ್ಪಟೆ ಎರಡು ಕಡ್ಡಿಯ ಅಡಾಪ್ಟರ್ ಸಾಕು.

ಔಷಧಿಗಳ ವಿಷಯದಲ್ಲಿ ಎಚ್ಚರಿಕೆ ಬೇಕೇ?

ಬೇಕು, ಬಹಳ ಬೇಕು. ನಮ್ಮಲ್ಲಿ ನೆಗಡಿಗೆ ಸಾಮಾನ್ಯವಾಗಿ ತೆಗೆದುಕೊಳ್ಳುವ ಕೆಲವು ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್, ಕೆಮ್ಮಿನ ಕೆಲವು ಔಷಧಿಗಳಲ್ಲಿ ಕೋಡೀನ್ ಇರುತ್ತದೆ. ಇವು ಮಿತಿ ಮೀರಿದ ಪ್ರಮಾಣದಲ್ಲಿದ್ದರೆ ಜಪಾನಿನಲ್ಲಿ ಕಾನೂನುಬಾಹಿರ. ಬಿಪಿ, ಸಕ್ಕರೆ ಕಾಯಿಲೆಯ ನಿತ್ಯದ ಮಾತ್ರೆಗಳನ್ನು ಒಂದು ತಿಂಗಳಿಗೆ ಆಗುವಷ್ಟರವರೆಗೆ ಒಯ್ಯಬಹುದು. ವೈದ್ಯರ ಚೀಟಿ ಜೊತೆಗಿರಲಿ, ಮಾತ್ರೆಗಳು ಮೂಲ ಪಟ್ಟಿಯಲ್ಲೇ ಇರಲಿ. ಡಬ್ಬಿಗೆ ಸುರಿದುಕೊಂಡು ಹೋಗಬೇಡಿ.

ಚಳಿ ಎಷ್ಟಿರುತ್ತದೆ?

ಹೂವಿನ ಚಿತ್ರ ನೋಡಿ ಬೆಚ್ಚಗಿರಬಹುದು ಎಂದುಕೊಳ್ಳುತ್ತೇವೆ. ಮಾರ್ಚ್ ಕೊನೆಯ ಟೋಕಿಯೊದಲ್ಲಿ ಹಗಲು 15 ಡಿಗ್ರಿ ಆಸುಪಾಸು, ಬೆಳಗಿನ ಜಾವ ಐದಾರು ಡಿಗ್ರಿ. ಹೂವು ಅರಳಿದ ಮೇಲೆ ಮತ್ತೆ ಥಟ್ಟನೆ ಚಳಿ ಬೀಳುವುದಕ್ಕೆ ‘ಹನಾಬಿಎ’, ಹೂಚಳಿ ಎಂಬ ಹೆಸರೇ ಇದೆ. ಒಳಗೆ ಬೆಚ್ಚನೆಯ ಬನಿಯನ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಹೀಗೆ ಪದರ ಪದರವಾಗಿರಲಿ. ಸೀರೆ ಉಡುವವರು ಒಳಗೆ ಥರ್ಮಲ್ ಧರಿಸಬಹುದು. ಹೊಸ ಬೂಟು ಬೇಡ, ದಿನಕ್ಕೆ ಹತ್ತು ಹದಿನೈದು ಸಾವಿರ ಹೆಜ್ಜೆ ನಡೆಯುತ್ತೀರಿ.

ಹೂವಿನ ಜೊತೆ ಫ್ಯೂಜಿಯ ಫೋಟೊ ಬೇಕು. ಎಲ್ಲಿ ಸಿಗುತ್ತದೆ?

ಐದಂತಸ್ತಿನ ಕೆಂಪು ಗೋಪುರ, ಹಿಂದೆ ಫ್ಯೂಜಿ, ಸುತ್ತ ಹೂವು ಇರುವ ಚಿತ್ರ ಫುಜಿಯೋಶಿದಾ ಊರಿನ ಚುರೇಯ್ತೊ ಗೋಪುರದ್ದು. 398 ಮೆಟ್ಟಿಲು ಹತ್ತಬೇಕು, ವಿಪರೀತ ಜನ. ಆ ಪ್ರದೇಶವೂ ಕವಾಗುಚಿಕೊ ಸರೋವರವೂ ಎತ್ತರದಲ್ಲಿರುವುದರಿಂದ ಹೂವು ಟೋಕಿಯೊಗಿಂತ ತಡ, ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ. ಮಾರ್ಚ್ ಕೊನೆಯಲ್ಲಿ ಹೋದರೆ ಬರಿ ಕೊಂಬೆಗಳು ಕಾಣುತ್ತವೆ. ಮೇಲಾಗಿ ಪರ್ವತ ಮೋಡದಲ್ಲಿ ಅಡಗುವುದೇ ಹೆಚ್ಚು. ಕಾಣುವ ಸಂಭವ ಬೆಳಿಗ್ಗೆ ಜಾಸ್ತಿ. ಹಿಂದಿನ ರಾತ್ರಿ ಮುನ್ಸೂಚನೆ ನೋಡಿ, ತಿಳಿ ಆಕಾಶವಿದ್ದರೆ ಮಾತ್ರ ಶಿಂಜುಕುವಿನಿಂದ ಬಸ್ ಹಿಡಿಯಿರಿ, ಎರಡು ಗಂಟೆ ಚಿಲ್ಲರೆ ದಾರಿ.

ಕ್ಯೋಟೊದಲ್ಲಿ ಕಾಲಿಡಲು ಜಾಗವಿಲ್ಲ ಎನ್ನುತ್ತಾರೆ, ನಿಜವೇ?

ಹತ್ತು ಗಂಟೆಯ ಮೇಲೆ ನಿಜ. ಬೆಳಿಗ್ಗೆ ಎಂಟರ ಒಳಗೆ ಅದು ಬೇರೆಯೇ ಊರು. ಫುಶಿಮಿ ಇನಾರಿ ದೇಗುಲದ ಸಾವಿರಾರು ಕೆಂಪು ಕಮಾನುಗಳ ದಾರಿ ಹಗಲು ರಾತ್ರಿ ತೆರೆದಿರುತ್ತದೆ, ಪ್ರವೇಶ ಶುಲ್ಕವಿಲ್ಲ. ಕಿಯೊಮಿಝು ದೇವಾಲಯ ಆರಕ್ಕೇ ತೆರೆಯುತ್ತದೆ. ದೊಡ್ಡ ಜಾಗಗಳನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಕೋಣೆಗೆ ಬಂದು ಮಲಗಿ, ಸಂಜೆ ಮತ್ತೆ ಹೊರಡಿ. ಬಸ್ಸುಗಳು ಕಿಕ್ಕಿರಿದಿರುತ್ತವೆ, ಸಾಧ್ಯವಿದ್ದಲ್ಲಿ ರೈಲು, ಸುರಂಗ ರೈಲು ಹಿಡಿಯಿರಿ.

ಗಿಯೊನ್ ಬೀದಿಯಲ್ಲಿ ಗೆಯ್ಕೊ, ಮಾಯ್ಕೊ ಎಂಬ ಸಾಂಪ್ರದಾಯಿಕ ಕಲಾವಿದೆಯರ ಹಿಂದೆ ಕ್ಯಾಮೆರಾ ಹಿಡಿದು ಓಡಬೇಡಿ. ಅವರು ಕೆಲಸಕ್ಕೆ ಹೋಗುತ್ತಿರುತ್ತಾರೆ. ಅಲ್ಲಿನ ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶ ನಿಷೇಧಿಸಿ, ತಪ್ಪಿದವರಿಗೆ 10,000 ಯೆನ್ ದಂಡದ ಫಲಕ ಹಾಕಿದ್ದಾರೆ. ಊರಿನವರು ಬೇಸತ್ತು ಹಾಕಿದ ಫಲಕ ಅದು.

ಹನಾಮಿಗೆ ಮರದಡಿ ಕೂರುವಾಗ ಏನು ಗಮನಿಸಬೇಕು?

‘ಹನಾ’ ಹೂವು, ‘ಮಿ’ ನೋಡುವುದು. ಮರದ ಕೆಳಗೆ ಚಾಪೆ ಹಾಸಿ ಮನೆಮಂದಿ, ಕಚೇರಿಯವರು ಒಟ್ಟಿಗೆ ಕೂತು ಉಣ್ಣುತ್ತಾರೆ. ಏಪ್ರಿಲ್ 1ಕ್ಕೆ ಅವರ ಹಣಕಾಸು ವರ್ಷ ಶುರು, ಆ ತಿಂಗಳಲ್ಲೇ ಶಾಲೆಯೂ ತೆರೆಯುತ್ತದೆ. ನಮಗೆ ಯುಗಾದಿಯ ಮಾವಿನ ಚಿಗುರು ಹೇಗೋ ಅವರಿಗೆ ಈ ಹೂವು ಹಾಗೆ, ಹೊಸದರ ಆರಂಭದ ಗುರುತು. ಕೊಂಬೆ ಹಿಡಿದು ಎಳೆಯಬೇಡಿ, ಎಸಳು ಉದುರಲೆಂದು ಅಲುಗಿಸಬೇಡಿ, ಮುಡಿಯಲು ಹೂವು ಕೀಳಬೇಡಿ. ಬೇರಿನ ಮೇಲೆ ಚಾಪೆ ಹಾಸಬೇಡಿ, ಚಾಪೆಯ ಹೊರಗೆ ಚಪ್ಪಲಿ ಬಿಡಿ. ಕಸದ ತೊಟ್ಟಿ ಸಿಗುವುದೇ ಅಪರೂಪ, ಒಂದು ಚೀಲದಲ್ಲಿ ಹಾಕಿಕೊಂಡು ಹೋಟೆಲ್‌ಗೆ ತನ್ನಿ.

ದಯವಿಟ್ಟು ಒಂದು ಗಂಟೆಯಾದರೂ ಕೂರಿ. ಹತ್ತು ಫೋಟೊ ತೆಗೆದು ಮೊಬೈಲ್ ಒಳಗಿಡಿ. ಎಷ್ಟೋ ಹಣ, ರಜೆ, ಓಡಾಟ ಎಲ್ಲವನ್ನೂ ಆ ಒಂದು ಗಂಟೆಗಾಗಿಯೇ ಕೂಡಿಟ್ಟಿರುತ್ತೀರಿ.

ನಗದು ಬೇಕೇ, ಕಾರ್ಡ್ ಸಾಕೇ?

ಎರಡೂ ಇರಲಿ. ಹೋಟೆಲ್, ದೊಡ್ಡ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ. ಸಣ್ಣ ತಿಂಡಿ ಅಂಗಡಿ, ಎಷ್ಟೋ ದೇವಾಲಯಗಳಿಗೆ ನಗದು ಬೇಕು. ಸೆವೆನ್-ಇಲೆವೆನ್ ಅಂಗಡಿಯ ಎಟಿಎಂಗಳು ವಿದೇಶಿ ಕಾರ್ಡ್ ಸ್ವೀಕರಿಸುತ್ತವೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನು ತೆರೆದಿಡಿ. ಬಕ್ಷೀಸು ಕೊಡುವ ಪದ್ಧತಿಯಿಲ್ಲ, ಮೇಜಿನ ಮೇಲೆ ಬಿಟ್ಟು ಬಂದರೆ ಮರೆತಿರೆಂದು ಹಿಂದೆ ಓಡಿಬಂದು ಕೊಡುತ್ತಾರೆ.

ಹಿರಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ?

ಲಿಫ್ಟ್ ಎಲ್ಲ ದೊಡ್ಡ ನಿಲ್ದಾಣಗಳಲ್ಲೂ ಇದೆ, ಆದರೆ ಒಂದೆರಡು ದ್ವಾರಗಳಲ್ಲಿ ಮಾತ್ರ. ಯಾವ ದ್ವಾರ ಎಂದು ನಕ್ಷೆಯಲ್ಲಿ ಮೊದಲೇ ನೋಡಿ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಟೋಕಿಯೊ ರೈಲು ಹತ್ತಬೇಡಿ. ಮಕ್ಕಳಿಗೆ 6ರಿಂದ 11 ವರ್ಷದವರೆಗೆ ಅರ್ಧ ಟಿಕೆಟ್, ಅದಕ್ಕಿಂತ ಚಿಕ್ಕವರಿಗೆ ಊರಿನ ರೈಲುಗಳಲ್ಲಿ ದೊಡ್ಡವರ ಜೊತೆ ಉಚಿತ. ಮಂಡಿನೋವಿರುವವರಿಗೆ ಕಿಯೊಮಿಝುವಿನ ಏರು ಕಷ್ಟ, ಟ್ಯಾಕ್ಸಿ ಮಾಡಿ. ಅಮ್ಮನಿಗೆ ಹೆಚ್ಚು ಹಿಡಿಸಿದ್ದು ಚಿದೊರಿಗಾಫುಚಿ. ಟೋಕಿಯೊ ಅರಮನೆಯ ಕಂದಕದ ಮೇಲೆ ಬಾಗಿದ ಹೂಕೊಂಬೆಗಳ ಕೆಳಗೆ ಬಾಡಿಗೆ ದೋಣಿಯಲ್ಲಿ ಹೋಗಬಹುದು. ದೋಣಿಯ ಸಾಲು ಉದ್ದವಿದ್ದುದರಿಂದ ನಾವು ದಂಡೆಯಲ್ಲೇ ನಡೆದೆವು, ನೆಲ ಸಮತಟ್ಟಾಗಿದೆ.

ಏಪ್ರಿಲ್ ಕೊನೆಗೆ, ಮಕ್ಕಳ ರಜೆಯಲ್ಲಿ ಹೋಗಬಹುದೇ?

ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿ ‘ಗೋಲ್ಡನ್ ವೀಕ್’, ಸಾಲು ಸಾಲು ಸರ್ಕಾರಿ ರಜೆಗಳು. ದೇಶವೇ ಊರು ಬಿಟ್ಟು ಹೊರಟಿರುತ್ತದೆ, ರೈಲು ಹೋಟೆಲ್ ಎರಡೂ ಕಷ್ಟ. ಏಪ್ರಿಲ್ 10ರಿಂದ 25ರ ನಡುವೆ ಹೋಗಿ, ತಡವಾಗಿ ಅರಳುವ ತಳಿಗಳನ್ನು ನೋಡಿ.

ನೆನಪಿಗೆ ಏನು ತರಬಹುದು?

ಸಕುರಾ ಮೊಚಿ ಬೇಗ ಕೆಡುತ್ತದೆ, ಅಲ್ಲೇ ತಿನ್ನಿ. ನಾನು ತರುವುದು ಉಪ್ಪಿನಲ್ಲಿ ಹಾಕಿಟ್ಟ ಸಕುರಾ ಹೂವಿನ ಚಿಕ್ಕ ಪೊಟ್ಟಣ. ಹಗುರ, ತಿಂಗಳುಗಟ್ಟಲೆ ಇರುತ್ತದೆ. ಜಪಾನಿನಲ್ಲಿ ಮದುವೆ, ನಿಶ್ಚಿತಾರ್ಥದಂಥ ಶುಭ ಸಂದರ್ಭದಲ್ಲಿ ಚಹಾದ ಬದಲು ಇದನ್ನು ಕೊಡುತ್ತಾರೆ. ಎರಡು ಹೂವು ತೆಗೆದು ಉಪ್ಪು ತೊಳೆದು ಬಟ್ಟಲಿಗೆ ಹಾಕಿ ಬಿಸಿನೀರು ಸುರಿಯಿರಿ. ಮುದುಡಿದ್ದ ಹೂವು ತಳದಿಂದ ಎದ್ದು ನಿಧಾನವಾಗಿ ಎಸಳು ಬಿಚ್ಚುತ್ತದೆ. ಉಪ್ಪು ಸ್ವಲ್ಪ ಉಳಿದಿರಲಿ, ಪೂರ್ತಿ ತೊಳೆದರೆ ರುಚಿ ಬರುವುದಿಲ್ಲ.